ಹುಡುಗರ ತುಟಿಯಡಿಯ ತಂಬಾಕು, ಶಾಲೆಗೆ ಬರಬೇಕಾದ ಬ್ರದರ್

ಹೈಸ್ಕೂಲಿನ ಬಿಸಿಯೂಟದ ಸಾಲು. ಎಲ್ಲರ ತಟ್ಟೆಗೂ ಅದೇ ಸಾಂಬಾರು. ಒಬ್ಬ ಹುಡುಗ ಮಾತ್ರ ಎರಡನೇ ತುತ್ತಿಗೇ ಖಾರ ಅಂತ ನೀರಿನ ಲೋಟ ಹಿಡಿಯುತ್ತಾನೆ. ತುತ್ತನ್ನು ಪುಟ್ಟದಾಗಿ ಮಾಡಿಕೊಂಡು, ಬಾಯನ್ನು ಪೂರ್ತಿ ತೆರೆಯದೆ ಒಳಗೆ ತಳ್ಳುತ್ತಾನೆ. ಹದಿನಾಲ್ಕು ವರ್ಷದ ಹುಡುಗನಲ್ಲಿ ಇದು ದಿನವೂ ಕಾಣಿಸಿದರೆ ಸುಮ್ಮನಿರುವ ವಿಷಯವಲ್ಲ. ಅಡಿಕೆಯನ್ನೋ ಅಡಿಕೆ-ತಂಬಾಕಿನ ಮಿಶ್ರಣವನ್ನೋ ಜಗಿಯುವವರಲ್ಲಿ ಕೆನ್ನೆಯ ಒಳಚರ್ಮ ಮೊದಲು ಉರಿಯುತ್ತದೆ, ಆಮೇಲೆ ಬಿಳಿಚುತ್ತದೆ, ಕೊನೆಗೆ ನಾರುನಾರಾಗಿ ಬಿಗಿದು ಬಾಯಿ ತೆರೆಯಲಾಗದಂತೆ ಮಾಡುತ್ತದೆ. ಕಟ್ಟಿದ ಆ ನಾರು ಮತ್ತೆ ಮೊದಲಿನಂತೆ ಸಡಿಲವಾಗುವುದಿಲ್ಲ. ಜಗಿಯುವುದನ್ನು ಬಿಟ್ಟರೆ ಮುಂದುವರಿಯುವುದು ನಿಲ್ಲಬಹುದು, ಅಷ್ಟೆ. ಆದ್ದರಿಂದ ಇದನ್ನು ಯಾರಾದರೂ ಬೇಗ ಗಮನಿಸಬೇಕು, ಗಮನಿಸಿದವರಿಗೆ ಮುಂದೇನು ಮಾಡಬೇಕೆಂದು ಗೊತ್ತಿರಬೇಕು.

ನಮ್ಮ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಶಾಲೆಗಳಲ್ಲಿ ತಂಬಾಕು ತಡೆ ಎಂದರೆ ಸಾಮಾನ್ಯವಾಗಿ ಒಂದು ಭಾಷಣ, ಒಂದು ಜಾಥಾ, ಒಂದು ಪ್ರತಿಜ್ಞಾವಿಧಿ. ಮೇ 31ರ ವಿಶ್ವ ತಂಬಾಕು ರಹಿತ ದಿನ ಬರುವುದು ಬೇಸಿಗೆ ರಜೆ ಮುಗಿದು ಶಾಲೆ ಬಾಗಿಲು ತೆರೆಯುವ ಹೊತ್ತಿಗೆ. ದಾಖಲಾತಿ, ಪುಸ್ತಕ ಹಂಚಿಕೆಯ ಗಡಿಬಿಡಿಯಲ್ಲಿ ಬ್ಯಾನರು ಹಿಡಿದು ಫೋಟೋ ತೆಗೆದರೆ ವರ್ಷದ ಕೆಲಸ ಮುಗಿಯಿತು. ನಿಜಕ್ಕೂ ಬೇಕಾಗಿರುವುದು ಭಾಷಣಕಾರರಲ್ಲ, ಶುಶ್ರೂಷೆ ಕಲಿತವರು. ಗುಟ್ಟಾಗಿ ಕೇಳುವುದು, ಬಾಯಿ ನೋಡುವುದು, ಬಿಡಲು ಜೊತೆ ನಿಲ್ಲುವುದು, ಮತ್ತೆ ಬಂದು ವಿಚಾರಿಸುವುದು, ಇವೆಲ್ಲ ನರ್ಸಿಂಗಿನ ಕೆಲಸ. ಹುಡುಗರ ವಿಷಯದಲ್ಲಿ ಈ ಕೆಲಸಕ್ಕೆ ಚೆನ್ನಾಗಿ ಒದಗಬಲ್ಲವರು ನಮ್ಮಲ್ಲೇ ಇದ್ದಾರೆ: ನರ್ಸಿಂಗ್ ಓದಿದ ಗಂಡುಮಕ್ಕಳು, ಆಸ್ಪತ್ರೆಯಲ್ಲಿ ಎಲ್ಲರೂ ‘ಬ್ರದರ್’ ಎಂದು ಕರೆಯುವವರು. ಅವರನ್ನು ನಾವು ಬಳಸಿಕೊಳ್ಳುತ್ತಿಲ್ಲ. ಕಾರಣ ಹುಡುಕಿದರೆ ಅದು ಬಹುಪಾಲು ನಮ್ಮ ಮನಸ್ಸಿನಲ್ಲೇ ಸಿಗುತ್ತದೆ.

ಅಂಕಿ ಕಡಿಮೆ ಎಂದು ನೆಮ್ಮದಿ ಬೇಡ

2019ರ ಜಾಗತಿಕ ಯುವಜನ ತಂಬಾಕು ಸಮೀಕ್ಷೆಯಲ್ಲಿ ದೇಶದ 13ರಿಂದ 15 ವರ್ಷದ ಶಾಲಾ ಮಕ್ಕಳಲ್ಲಿ ಶೇ 8.5 ಮಂದಿ ತಂಬಾಕು ಬಳಸುತ್ತಿದ್ದರು. ಹುಡುಗರಲ್ಲಿ ಶೇ 9.6, ಹುಡುಗಿಯರಲ್ಲಿ ಶೇ 7.4. ಕರ್ನಾಟಕದ ಅಂಕಿ ಶೇ 1.2 ಮಾತ್ರ. ಕೇಳಲು ಹಿತವಾಗಿದೆ. ಆದರೆ 15 ವರ್ಷ ದಾಟಿದವರನ್ನು ಲೆಕ್ಕ ಹಾಕಿದ 2016–17ರ ಸಮೀಕ್ಷೆಯಲ್ಲಿ ಇದೇ ಕರ್ನಾಟಕದ ಶೇ 22.8 ಮಂದಿ ತಂಬಾಕು ಬಳಕೆದಾರರು, ಗಂಡಸರಲ್ಲಂತೂ ಶೇ 35.2. ಹದಿನೈದರಲ್ಲಿ ನೂರಕ್ಕೆ ಒಬ್ಬ, ದೊಡ್ಡವರಾದ ಮೇಲೆ ಮೂವರು ಗಂಡಸರಲ್ಲಿ ಒಬ್ಬ. ಎರಡು ಸಮೀಕ್ಷೆಗಳ ವಿಧಾನ ಬೇರೆ ಎಂಬುದನ್ನು ಒಪ್ಪಿದರೂ ಈ ಅಂತರ ಎರಡು ಮಾತು ಹೇಳುತ್ತದೆ. ಶಾಲೆಯ ಸಮೀಕ್ಷೆಗೆ ಸಿಗುವುದು ಶಾಲೆಯಲ್ಲಿರುವ ಮಕ್ಕಳು ಮಾತ್ರ. ಓದು ಬಿಟ್ಟು ಗ್ಯಾರೇಜು ಸೇರಿದವನು, ಶಿಡ್ಲಘಟ್ಟದ ರೇಷ್ಮೆ ನೂಲು ತೆಗೆಯುವ ಘಟಕಕ್ಕೆ ಹೋಗುವವನು, ಟೊಮೆಟೊ ಮಂಡಿಯಲ್ಲಿ ಬಾಕ್ಸ್ ಹೊರುವವನು ಆ ಲೆಕ್ಕದಲ್ಲಿಲ್ಲ. ಇನ್ನೊಂದು, ಹತ್ತನೇ ತರಗತಿಯಿಂದ ಪಿಯುಸಿ, ಐಟಿಐ, ಡಿಪ್ಲೊಮಾ ಮುಗಿಯುವವರೆಗಿನ ಐದಾರು ವರ್ಷಗಳೇ ನಮ್ಮಲ್ಲಿ ಅಪಾಯದ ಕಾಲ. ಹೈಸ್ಕೂಲಿನಲ್ಲಿ ಮಾಡುವ ಕೆಲಸ ಆ ಕಾಲಕ್ಕೆ ಹುಡುಗನನ್ನು ಸಿದ್ಧಮಾಡುವ ಕೆಲಸ.

ನಮ್ಮ ರಾಜ್ಯದಲ್ಲಿ ಸೇದುವವರಿಗಿಂತ ಜಗಿಯುವವರು ಹೆಚ್ಚು ಎಂಬುದನ್ನೂ ಮರೆಯಬಾರದು: 2016–17ರ ಅದೇ ಸಮೀಕ್ಷೆಯಂತೆ ಸೇದುವವರು ಶೇ 8.8, ಹೊಗೆಯಿಲ್ಲದ ತಂಬಾಕಿನವರು ಶೇ 16.3. ಶಾಲೆಯ ಗೋಡೆಗಳ ಮೇಲಿನ ಚಿತ್ರಗಳಲ್ಲಿ ಮಾತ್ರ ಯಾವಾಗಲೂ ಸಿಗರೇಟು. ಕಡ್ಡಿಪುಡಿ, ಹೊಗೆಸೊಪ್ಪು, ಖೈನಿ, ಗುಟ್ಕಾ, ನಶ್ಯ ಇವುಗಳ ಚಿತ್ರ ಬರೆಯದಿದ್ದರೆ ‘ಇದು ಅದಲ್ಲ’ ಎಂದೇ ಮಕ್ಕಳು ತಿಳಿಯುತ್ತಾರೆ.

ಅಂಗಡಿಯಲ್ಲಿ ನಡೆಯುವುದು

ಕರ್ನಾಟಕದಲ್ಲಿ ತಂಬಾಕು ಬೆರೆಸಿದ ಗುಟ್ಕಾ 2013ರ ಮೇ 31ರಿಂದ ನಿಷೇಧ. ಆಮೇಲೆ ಬಂದದ್ದು ಜೋಡಿ ಪೊಟ್ಟಣ. ಒಂದರಲ್ಲಿ ಪಾನ್ ಮಸಾಲ, ಇನ್ನೊಂದರಲ್ಲಿ ತಂಬಾಕು. ಎರಡೂ ಬೇರೆ ಬೇರೆ ಸರಗಳಾಗಿ ಚಾಕೊಲೇಟ್ ಡಬ್ಬಿಯ ಮೇಲೆ ನೇತಾಡುತ್ತವೆ. ಕೊಂಡವನು ಒಂದರ ತುದಿ ಹರಿದು ಇನ್ನೊಂದರೊಳಕ್ಕೆ ಸುರಿದು, ಬಾಯಿ ಮಡಚಿ ನಾಲ್ಕು ಸಲ ಅಲ್ಲಾಡಿಸಿದರೆ ನಿಷೇಧಿಸಿದ್ದೇ ಮತ್ತೆ ಕೈಗೆ ಬಂತು. ಖೈನಿಯವರು ಅಂಗೈಯಲ್ಲಿ ಸುಣ್ಣ ಹಾಕಿ ಹೆಬ್ಬೆರಳಲ್ಲಿ ತಿಕ್ಕುತ್ತಾರೆ. ಆ ಸುಣ್ಣ ರುಚಿಗಲ್ಲ. ಸುಣ್ಣದ ಕ್ಷಾರಗುಣ ನಿಕೋಟಿನ್ನನ್ನು ಬಾಯಿಯ ಒಳಚರ್ಮದಿಂದ ಬೇಗ ರಕ್ತಕ್ಕಿಳಿಯುವ ರೂಪಕ್ಕೆ ತಿರುಗಿಸುತ್ತದೆ. ತುಟಿಯಡಿ ಇಟ್ಟ ಸ್ವಲ್ಪ ಹೊತ್ತಿಗೇ ತಲೆ ಜುಮ್ಮೆನ್ನುವುದು ಅದಕ್ಕೇ. ಸೇದಿದ ಹೊಗೆಯ ನಿಕೋಟಿನ್ನಾದರೆ 10–20 ಸೆಕೆಂಡುಗಳಲ್ಲಿ ಮಿದುಳಿಗೆ ತಲುಪುತ್ತದೆ. ಮಿದುಳಿನಲ್ಲಿ ‘ಬೇಡ, ತಡಿ’ ಎನ್ನುವ ಮುಂಭಾಗ ಬಲಿಯುವುದು ಸುಮಾರು 25ರ ಹೊತ್ತಿಗೆ. ಅದಕ್ಕೂ ಹತ್ತು ವರ್ಷ ಮೊದಲೇ ನಿಕೋಟಿನ್ ಅಲ್ಲಿ ಜಾಗ ಹಿಡಿದರೆ ಬಿಡಿಸುವುದು ಕಷ್ಟ.

ಕಾನೂನು ಗಟ್ಟಿಯಾಗಿಯೇ ಇದೆ. 2003ರ ಕೇಂದ್ರ ಕಾಯ್ದೆ 18 ವರ್ಷದೊಳಗಿನವರಿಗೆ ಮತ್ತು ಶಾಲಾ-ಕಾಲೇಜಿನಿಂದ 100 ಗಜದೊಳಗೆ ಮಾರಾಟವನ್ನು ನಿಷೇಧಿಸಿತು. ರಾಜ್ಯದ ತಿದ್ದುಪಡಿ 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಮೇಲೆ ಕರ್ನಾಟಕದಲ್ಲಿ ವಯಸ್ಸು 21ಕ್ಕೆ ಏರಿದೆ, ದೂರ 100 ಮೀಟರ್ ಆಗಿದೆ, ಬಿಡಿ ಸಿಗರೇಟು ಮಾರುವಂತಿಲ್ಲ, 200 ರೂಪಾಯಿ ಇದ್ದ ದಂಡ 1,000ಕ್ಕೆ ಹೋಗಿದೆ. ಮಕ್ಕಳಿಗೆ ತಂಬಾಕು ಕೊಟ್ಟವರಿಗೆ 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಮಿನಡಿ ಏಳು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಇ-ಸಿಗರೇಟು 2019ರಿಂದ ದೇಶಪೂರ್ತಿ ನಿಷಿದ್ಧ.

ಎಡವುವುದು ಅಳತೆಯಲ್ಲಿ. ಗೇಟಿನಿಂದ ರಸ್ತೆಯುದ್ದಕ್ಕೂ ಹೆಜ್ಜೆ ಹಾಕಿ ‘ನೂರು ದಾಟಿತು’ ಎನ್ನುತ್ತಾರೆ. ಅಳೆಯಬೇಕಾದ್ದು ಕಾಂಪೌಂಡಿನ ಹೊರ ಅಂಚಿನಿಂದ, ನೇರಕ್ಕೆ, ಸುತ್ತ ಎಲ್ಲ ದಿಕ್ಕಿಗೂ. ಹಿಂದಿನ ಬೀದಿಯ ಅಂಗಡಿ ರಸ್ತೆಯಲ್ಲಿ ನಡೆದರೆ 180 ಮೀಟರ್ ಆಗಬಹುದು, ಗೋಡೆಯಿಂದ ನೇರಕ್ಕೆ 40 ಮೀಟರೇ ಇರಬಹುದು. 50 ಮೀಟರಿನ ಟೇಪು ಒಂದಿದ್ದರೆ ಸಾಕು, ಇಲ್ಲವೇ ಫೋನಿನ ನಕಾಶೆಯಲ್ಲಿ ದೂರ ಅಳೆಯುವ ಸೌಲಭ್ಯ ಬಳಸಿ. ಅಳತೆ ಮುಗಿದ ಕಡೆ ರಸ್ತೆಗೆ ಹಳದಿ ಗೆರೆ ಎಳೆಯಬೇಕೆಂದು ತಂಬಾಕು ಮುಕ್ತ ಶಿಕ್ಷಣ ಸಂಸ್ಥೆಯ ಮಾರ್ಗಸೂಚಿ ಹೇಳುತ್ತದೆ. ಶಾಲೆಯ ಒಳಗೂ ಹೊರಗೂ 60×30 ಸೆಂಟಿಮೀಟರಿನ ಫಲಕ, ಅದರಲ್ಲಿ ದೂರು ಯಾರಿಗೆ ಕೊಡಬೇಕೆಂಬ ಹೆಸರು ಇರಬೇಕು. ಹೆಸರಿನ ಜಾಗ ಖಾಲಿ ಬಿಟ್ಟ ಫಲಕ ನೇತುಹಾಕಿ ಪ್ರಯೋಜನವಿಲ್ಲ. ಅಂಗಡಿ ಉಳಿದಿದ್ದರೆ ಮುಖ್ಯೋಪಾಧ್ಯಾಯರು ಅಳತೆಯ ದೂರ, ದಿನಾಂಕ, ಫೋಟೋ ಸೇರಿಸಿ ಜಿಲ್ಲಾ ತಂಬಾಕು ನಿಯಂತ್ರಣ ಕೋಶಕ್ಕೂ ಪಂಚಾಯಿತಿ ಅಥವಾ ಪುರಸಭೆಗೂ ಬರೆದು ಕೊಡಬೇಕು. ಬಾಯಿಮಾತಿನ ದೂರು ಎರಡೇ ದಿನಕ್ಕೆ ಮರೆತುಹೋಗುತ್ತದೆ.

ಒಂದು ಮಾತು ಮನೆಯವರಿಗೆ. ‘ಹೋಗಪ್ಪಾ, ಅಜ್ಜಿಗೆ ಎರಡು ಎಲೆ, ಒಂದು ಕಡ್ಡಿಪುಡಿ ತಗೊಂಬಾ’ ಎಂದು ಮಗುವನ್ನು ಕಳಿಸುವುದು ನಮ್ಮ ಹಳ್ಳಿಗಳಲ್ಲಿ ತಪ್ಪೆಂದು ಯಾರಿಗೂ ಅನಿಸುವುದಿಲ್ಲ. ಅಜ್ಜಿಗೆಂದು ಹೇಳಿದರೂ ಮಗುವಿನ ಕೈಗೆ ಕೊಡುವುದು ಅಂಗಡಿಯವರಿಗೆ ಅಪರಾಧವೇ. ಅಂಗಡಿಯಲ್ಲಿ ಆ ಹೆಸರು ಹೇಳುವ ಹಿಂಜರಿಕೆ ಮಗುವಿಗೆ ಅಲ್ಲೇ ಕಳೆದುಹೋಗುತ್ತದೆ.

ಬ್ರದರ್ ಯಾಕೆ ಬೇಕು, ಯಾಕೆ ಬರುತ್ತಿಲ್ಲ

1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಶುರುಮಾಡಿದ ಶಾಲೆ ಹೆಂಗಸರಿಗಾಗಿಯೇ ಇತ್ತು. ಅಲ್ಲಿಂದ ಬಂದ ಮಾದರಿಯೇ ನಮ್ಮಲ್ಲೂ ನೆಲೆಯೂರಿತು. 1943ರ ಸುಗ್ರೀವಾಜ್ಞೆಯಂತೆ ಸೇನಾ ಶುಶ್ರೂಷಾ ಸೇವೆಗೆ ಮಹಿಳೆಯರು ಮಾತ್ರ ಅರ್ಹರಾಗಿದ್ದರು. ಆ ನಿಯಮದ ‘ಮಹಿಳೆಯಾಗಿದ್ದರೆ’ ಎಂಬ ಮಾತನ್ನು ಸಂವಿಧಾನಕ್ಕೆ ವಿರುದ್ಧವೆಂದು 2024ರ ಜನವರಿಯಲ್ಲಿ ತೆಗೆದುಹಾಕಿದ್ದು ನಮ್ಮದೇ ಹೈಕೋರ್ಟಿನ ಧಾರವಾಡ ಪೀಠ. 2019ರಲ್ಲಿ ಏಮ್ಸ್ ಸಂಸ್ಥೆಗಳು ಶುಶ್ರೂಷಣಾಧಿಕಾರಿ ಹುದ್ದೆಗಳಲ್ಲಿ ನೂರಕ್ಕೆ 80ನ್ನು ಮಹಿಳೆಯರಿಗೆಂದು ನಿಗದಿ ಮಾಡಿದವು. ಸಹಾಯಕ ದಾದಿ-ಸೂಲಗಿತ್ತಿಯರ ಎಎನ್‌ಎಂ ಕೋರ್ಸು ಹೆಣ್ಣುಮಕ್ಕಳಿಗೆ ಮಾತ್ರ. ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ, ಬಿಎಸ್ಸಿ ನರ್ಸಿಂಗ್ ಮಾತ್ರ ಇಬ್ಬರಿಗೂ ತೆರೆದಿವೆ.

ಮನೆ-ಬೀದಿಯ ಮಾತು ಇನ್ನೂ ಬಿರುಸು. ‘ಡಾಕ್ಟ್ರಾಗಕ್ಕೆ ಆಗಲಿಲ್ವಾ?’, ‘ಹೆಂಗಸರ ಕೆಲಸ ಯಾಕೆ ಹಿಡಿದೆ?’, ‘ಹೆಣ್ಣು ಕೊಡೋರು ಏನಂತಾರೆ?’ ಆಸ್ಪತ್ರೆಯ ಒಳಗೂ ಅಷ್ಟೆ. ರೋಗಿಯನ್ನು ಎತ್ತಬೇಕೆ, ತುರ್ತು ವಿಭಾಗದಲ್ಲಿ ಗಲಾಟೆಯೇ, ಮಾನಸಿಕ ರೋಗ ವಿಭಾಗವೇ, ಬ್ರದರ್‌ನ ಕರೆಯಿರಿ. ಸಮಾಧಾನದಿಂದ ಕೂತು ಮಾತಾಡಿಸುವ ಕೆಲಸಕ್ಕೆ ಅವರ ನೆನಪಾಗುವುದಿಲ್ಲ. ಹೆರಿಗೆ ಕೋಣೆಯಲ್ಲಿ ಹೆಂಗಸರಿಗೆ ಮುಜುಗರವಾಗುವುದು ನಿಜ, ಅದನ್ನು ಗೌರವಿಸಲೇಬೇಕು. ಜೊತೆಗೆ ಮಹಿಳಾ ಸಿಬ್ಬಂದಿ ಇರುವುದು, ರೋಗಿಯ ಒಪ್ಪಿಗೆ ಕೇಳುವುದು ಅದಕ್ಕೆ ದಾರಿ. ಆ ಒಂದು ಕೋಣೆಯ ಮುಜುಗರವನ್ನು ಇಡೀ ವೃತ್ತಿಗೆ ಹಚ್ಚಿದ್ದೇ ತಪ್ಪು.

ಹದಿಮೂರರ ಹುಡುಗನಿಗೂ ಮುಜುಗರವಿದೆ. ಮೀಸೆ ಚಿಗುರುವ ವಯಸ್ಸಿನಲ್ಲಿ ತಂಬಾಕು ಅವನ ಕಣ್ಣಿಗೆ ಗಂಡಸುತನದ ಗುರುತು. ಅಕ್ಕನ ವಯಸ್ಸಿನ ಸಿಸ್ಟರ್ ಮುಂದೆ ಕೆಲವರು ನಾಚಿ ಸುಳ್ಳು ಹೇಳುತ್ತಾರೆ, ಮೇಷ್ಟರ ಮುಂದೆ ಏಟಿಗೆ ಹೆದರಿ ಸುಳ್ಳು ಹೇಳುತ್ತಾರೆ. ಇಪ್ಪತ್ತೆರಡರ, ಕ್ರಿಕೆಟ್ ಬಗ್ಗೆ ಮಾತಾಡಬಲ್ಲ, ತಂಬಾಕು ಮುಟ್ಟದ, ಇನ್ನೊಬ್ಬರ ಗಾಯ ಒರೆಸುವುದನ್ನೇ ವೃತ್ತಿ ಮಾಡಿಕೊಂಡ ಅಣ್ಣನೊಬ್ಬ ಎದುರು ಕೂತರೆ ಗಂಡಸುತನದ ಬೇರೊಂದು ರೂಪ ಆ ಹುಡುಗನ ಕಣ್ಣಿಗೆ ಬೀಳುತ್ತದೆ. ಇದೇ ಶಾಲೆಯ ಹುಡುಗರಿಗೆ ನರ್ಸಿಂಗ್ ಎಂಬುದು ತಮಗೂ ಇರುವ ದಾರಿ ಎಂದು ಮೊದಲ ಸಲ ಹೊಳೆಯುವುದೂ ಆಗಲೇ. ಹಾಗೆಂದು ಹುಡುಗರಿಗೆ ಬ್ರದರ್, ಹುಡುಗಿಯರಿಗೆ ಸಿಸ್ಟರ್ ಎಂದು ಗೋಡೆ ಕಟ್ಟುವುದೂ ಸರಿಯಲ್ಲ. ಯಾರ ಹತ್ತಿರ ಮಾತಾಡುತ್ತೀಯ ಎಂದು ಮಗುವನ್ನೇ ಕೇಳಿ. ಹುಡುಗಿಯರನ್ನಂತೂ ಬಿಡಲೇಬೇಡಿ: ಶೇ 7.4 ಎಂಬ ಅಂಕಿ ಅವರದು. ಜೇಬಿನಲ್ಲಿ ಪೊಟ್ಟಣ ಇಟ್ಟುಕೊಂಡ ಬ್ರದರ್ ಈ ಕೆಲಸಕ್ಕೆ ಬೇಡ. ಮಕ್ಕಳಿಗೆ ವಾಸನೆ ಕೂಡಲೇ ತಿಳಿಯುತ್ತದೆ.

ಜನ ಎಲ್ಲಿಂದ? ನರ್ಸಿಂಗ್ ಕಾಲೇಜುಗಳ ವಿದ್ಯಾರ್ಥಿಗಳಿಗೆ ಸಮುದಾಯ ಆರೋಗ್ಯ ಶುಶ್ರೂಷೆಯ ಪೋಸ್ಟಿಂಗ್ ಇದ್ದೇ ಇರುತ್ತದೆ, ಶಾಲಾ ಆರೋಗ್ಯ ಅದರ ಭಾಗ. ತುಮಕೂರಿನಲ್ಲೂ ಕೋಲಾರದಲ್ಲೂ ಕಾಲೇಜುಗಳಿವೆ. ಹಳ್ಳಿಯ ಆರೋಗ್ಯ ಮಂದಿರಗಳ ಸಮುದಾಯ ಆರೋಗ್ಯ ಅಧಿಕಾರಿಗಳಲ್ಲಿ ನರ್ಸಿಂಗ್ ಓದಿದ ಗಂಡಸರಿದ್ದಾರೆ. ಎತ್ತರ-ತೂಕ ಬರೆದುಕೊಂಡು ಬರುವುದಕ್ಕೆ ಸೀಮಿತವಾದ ಅವರ ಶಾಲಾ ಭೇಟಿಗಳಿಗೆ ಈ ಕೆಲಸ ಸೇರಿಸಿದರೆ ಹೊಸ ಹುದ್ದೆ ಬೇಕಿಲ್ಲ.

ತರಗತಿಯಲ್ಲಿ ಏನು ಮಾಡಬೇಕು

ಕ್ಯಾನ್ಸರ್ ಬಾಯಿಯ ದೊಡ್ಡ ಚಿತ್ರ ತೋರಿಸಿ ಹೆದರಿಸಿದರೆ ಅರ್ಧ ಗಂಟೆ ನಿಶ್ಶಬ್ದ, ಅಷ್ಟೆ. ಹದಿಮೂರರವನಿಗೆ ನಲವತ್ತರಲ್ಲಿ ಬರುವ ರೋಗ ತನ್ನದಲ್ಲ. ಬರೀ ಮಾಹಿತಿ ಕೊಟ್ಟ ಕಾರ್ಯಕ್ರಮಗಳಿಂದ ಫಲ ಸಿಕ್ಕಿಲ್ಲ. ಫಲ ಸಿಕ್ಕಿದ್ದು ಗೆಳೆಯರ ಒತ್ತಡ ಎದುರಿಸುವುದನ್ನು ಅಭ್ಯಾಸ ಮಾಡಿಸಿದ ಕಡೆ. ದೆಹಲಿ ಮತ್ತು ಚೆನ್ನೈನ 32 ಶಾಲೆಗಳಲ್ಲಿ 2004ರಿಂದ ಎರಡು ವರ್ಷ ನಡೆದ ‘ಮೈತ್ರಿ’ ಯೋಜನೆಯಲ್ಲಿ ಆರರಿಂದ ಒಂಬತ್ತನೇ ತರಗತಿಯವರಿಗೆ ಚಟುವಟಿಕೆ, ಪೋಸ್ಟರು, ಪೋಷಕರಿಗೆ ಕಾರ್ಡು, ಸಹಪಾಠಿಗಳ ಮುಂದಾಳತ್ವ ಎಲ್ಲ ಇತ್ತು. ಕಾರ್ಯಕ್ರಮ ನಡೆಯದ ಶಾಲೆಗಳಲ್ಲಿ ತಂಬಾಕು ಬಳಕೆ ಶೇ 68 ಏರಿದರೆ, ನಡೆದ ಶಾಲೆಗಳಲ್ಲಿ ಶೇ 17 ಇಳಿಯಿತು.

ನಮ್ಮ ಶಾಲೆಗೆ ಹೊಂದುವ ಕ್ರಮ ಹೀಗಿರಬಹುದು. ಆರು-ಏಳನೇ ತರಗತಿಯಲ್ಲೇ ಶುರುಮಾಡಿ. ಅರವತ್ತು ಮಕ್ಕಳನ್ನು ಒಟ್ಟಿಗೆ ಕೂರಿಸಬೇಡಿ, 12–15ರ ಗುಂಪು, ಒಂದು ಪೀರಿಯಡ್, ಎರಡು ವಾರಕ್ಕೊಮ್ಮೆಯಂತೆ ನಾಲ್ಕು ಸಲ. ಮೊದಲ ಸಲ ಎಲ್ಲರಿಗೂ ಒಂದೇ ಅಳತೆಯ ಚೀಟಿ, ಒಂದೇ ಬಗೆಯ ಪೆನ್ಸಿಲ್. ಎರಡೇ ಪ್ರಶ್ನೆ: ನಿನ್ನ ತರಗತಿಯಲ್ಲಿ ಹತ್ತರಲ್ಲಿ ಎಷ್ಟು ಮಂದಿ ಹಾಕುತ್ತಾರೆ ಅನಿಸುತ್ತದೆ? ಕಳೆದ 30 ದಿನಗಳಲ್ಲಿ ನೀನು ಹಾಕಿದ್ದೀಯಾ? ಮೊದಲನೆಯದಕ್ಕೆ ಅಂಕಿ, ಎರಡನೆಯದಕ್ಕೆ ಗುರುತು ಸಾಕು. ಅಕ್ಷರ ಬರೆಸಿದರೆ ಕೈಬರಹ ಗುರುತು ಸಿಗುತ್ತದೆ, ಮಕ್ಕಳು ಸುಳ್ಳು ಬರೆಯುತ್ತಾರೆ. ಚೀಟಿಗಳನ್ನು ಅಲ್ಲೇ ಬಿಚ್ಚದೆ ಮನೆಗೆ ಒಯ್ದು ಎಣಿಸಿ. ಸಾಮಾನ್ಯವಾಗಿ ‘ಎಲ್ಲರೂ ಹಾಕ್ತಾರೆ’ ಎಂಬ ಅಂದಾಜು ನಿಜಕ್ಕಿಂತ ಬಹಳ ಹೆಚ್ಚಿರುತ್ತದೆ. ಮುಂದಿನ ಸಲ ಆ ಅಂತರವನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸಿ. ಒಂದು ವೇಳೆ ನಿಜದ ಸಂಖ್ಯೆಯೇ ದೊಡ್ಡದಿದ್ದರೆ ತರಗತಿಯಲ್ಲಿ ಹೇಳಬೇಡಿ, ಅದು ಹಾಕದವನಿಗೂ ಕುಮ್ಮಕ್ಕು ಕೊಡುತ್ತದೆ.

ಬೇಡ ಎನ್ನುವುದನ್ನು ಅವರ ಮಾತಿನಲ್ಲೇ ಆಡಿಸಿ. ‘ಒಂದ್ಸಲ ಹಾಕ್ಕಳೋ, ಏನಾಗಲ್ಲ’ ಎಂದು ಒಬ್ಬ, ‘ಬ್ಯಾಡ ಕಣೋ, ನಂಗೆ ಆಟ ಐತೆ’ ಎಂದು ಇನ್ನೊಬ್ಬ. ‘ತಂಬಾಕು ಆರೋಗ್ಯಕ್ಕೆ ಹಾನಿಕರ, ನಾನು ಸೇವಿಸುವುದಿಲ್ಲ’ ಎಂದು ಯಾವ ಹುಡುಗನೂ ಗೆಳೆಯನಿಗೆ ಹೇಳುವುದಿಲ್ಲ, ಕಲಿಸಿಯೂ ಉಪಯೋಗವಿಲ್ಲ. ಹೇಳಿ ಅಲ್ಲೇ ನಿಲ್ಲಬಾರದು, ಹೊರಟುಬಿಡಬೇಕು. ಆ ಎರಡು ಹೆಜ್ಜೆಯನ್ನೂ ಅಭ್ಯಾಸ ಮಾಡಿಸಿ.

ಒಬ್ಬನೇ ಕೂತಾಗ

ಪರದೆ ಅಥವಾ ಖಾಲಿ ಕೋಣೆ ಬೇಕು, ಬಾಗಿಲು ಅರ್ಧ ತೆರೆದಿರಲಿ. ಕೇಳಿದ್ದು ಮೇಷ್ಟರಿಗೆ ಹೋಗುವುದಿಲ್ಲ, ಜೀವಕ್ಕೆ ಅಪಾಯವಿದ್ದರೆ ಮಾತ್ರ ಹೇಳಬೇಕಾಗುತ್ತದೆ ಎಂದು ಮೊದಲೇ ತಿಳಿಸಿ. ‘ತಂಬಾಕು ಹಾಕ್ತೀಯಾ?’ ಎಂದು ಶುರುಮಾಡಿದರೆ ‘ಇಲ್ಲ’ ಎಂಬ ಉತ್ತರ ಸಿದ್ಧವಿರುತ್ತದೆ. ನಿನ್ನ ಜೊತೆ ಓಡಾಡುವವರಲ್ಲಿ ಯಾರಾದರೂ ಹಾಕ್ತಾರಾ, ನೀನು ಯಾವತ್ತಾದರೂ ರುಚಿ ನೋಡಿದ್ದೀಯಾ, ಕೊನೆಯ ಸಲ ಯಾವಾಗ ಎಂದು ಮೆಟ್ಟಿಲು ಮೆಟ್ಟಿಲಾಗಿ ಹೋಗಿ. ವಸ್ತುಗಳ ಹೆಸರು ಒಂದೊಂದಾಗಿ ಹೇಳಿ. ಪಾನ್ ಮಸಾಲ, ಸಿಹಿ ಅಡಿಕೆಪುಡಿಯನ್ನೂ ಸೇರಿಸಿ. ‘ಬಿಡಬೇಕೆಂದು ನೋಡಿ ಆಗದೆ ಹೋದದ್ದುಂಟಾ? ತರಗತಿಯಲ್ಲಿ ಕೂತಾಗ ಬೇಕು ಬೇಕು ಅನಿಸುತ್ತಾ? ಸಿಗದಿದ್ದರೆ ಸಿಟ್ಟು ಬರುತ್ತಾ?’ ಇಂಥ ಹತ್ತು ಪ್ರಶ್ನೆಗಳ ಒಂದು ಪಟ್ಟಿಯೇ ಬಳಕೆಯಲ್ಲಿದೆ. ಒಂದಕ್ಕೆ ಹೌದೆಂದರೂ ಹಿಡಿತ ತಪ್ಪಲು ಶುರುವಾಗಿದೆ ಎಂದೇ ಅರ್ಥ.

ಆಮೇಲೆ ಬಾಯಿ. ಟಾರ್ಚು, ಗ್ಲೌಸು, ನಾಲಿಗೆ ಒತ್ತುವ ಮರದ ಕಡ್ಡಿ ಸಾಕು. ಕೆಳತುಟಿಯನ್ನು ಹೊರಕ್ಕೆ ಮಡಚಿ ಒಸಡು-ತುಟಿಯ ನಡುವಿನ ಸಂದು ನೋಡಿ: ಪೊಟ್ಟಣದವರು ಇಡುವ ಜಾಗದಲ್ಲಿ ಚರ್ಮ ಬಿಳುಪಾಗಿ ಸುಕ್ಕುಗಟ್ಟಿರುತ್ತದೆ. ಕೆನ್ನೆಯ ಒಳಗೆ ಬೆರಳಾಡಿಸಿದಾಗ ಮೆತ್ತಗಿರಬೇಕು, ದಾರದಂತೆ ಬಿಗಿ ಸಿಕ್ಕಬಾರದು. ಕೊನೆಗೆ ಹುಡುಗನ ಸ್ವಂತ ಮೂರು ಬೆರಳುಗಳನ್ನು, ತೋರು, ನಡು, ಉಂಗುರ, ಒಂದರ ಮೇಲೊಂದು ಇಟ್ಟಂತೆ ಮೇಲಿನ-ಕೆಳಗಿನ ಮುಂದಲ್ಲುಗಳ ನಡುವೆ ಇಡಿಸಿ. ಬೆರಳು ಅವನದೇ ಆಗಬೇಕು, ಪರೀಕ್ಷಿಸುವವರದಲ್ಲ. ಮೂರೂ ಹಿಡಿಸದಿದ್ದರೆ, ಒರೆಸಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ, ಎರಡು ವಾರ ಕಳೆದರೂ ಮಾಯದ ಹುಣ್ಣಿದ್ದರೆ ತಾಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ದಂತ ವಿಭಾಗಕ್ಕೆ ಚೀಟಿ ಬರೆದು, ಹೋದನೋ ಇಲ್ಲವೋ ಎಂದು ವಿಚಾರಿಸಿ.

ಬಿಡಲು ಒಪ್ಪಿದರೆ ದಿನ ಗೊತ್ತುಮಾಡಿ, ಎರಡು ವಾರದೊಳಗಿನ ದಿನ. ಪರೀಕ್ಷೆಯ ವಾರ, ಊರ ಜಾತ್ರೆಯ ವಾರ ಬೇಡ. ಎರಡನೇ ಮೂರನೇ ದಿನ ಅತಿ ಕಷ್ಟ: ತಲೆನೋವು, ಸಿಡುಕು, ಪಾಠ ತಲೆಗೆ ಹತ್ತದಿರುವುದು. ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತದೆ. ಬೇಕೆನಿಸುವ ತುಡಿತ ಪ್ರತಿ ಸಲವೂ ಮೂರರಿಂದ ಐದು ನಿಮಿಷ ಮಾತ್ರ ಜೋರಾಗಿರುತ್ತದೆ. ಆ ಹೊತ್ತು ನೀರು ಗುಟುಕರಿಸುವುದು, ನಿಧಾನ ಉಸಿರು, ಎದ್ದು ಬೇರೆ ಕಡೆ ಹೋಗುವುದು. ಬಾಯಿಗೆ ಏನಾದರೂ ಬೇಕೆನಿಸಿದರೆ ಪಾವಗಡದ ಕಡೆ ಹುರಿದ ಕಡ್ಲೆಕಾಯಿ, ತಿಪಟೂರಿನ ಕಡೆ ಕೊಬ್ಬರಿ ಚೂರು, ಎಲ್ಲೆಡೆ ಸೋಂಪು. ಇಲ್ಲಿ ನಡೆಯುವ ದೊಡ್ಡ ತಪ್ಪೆಂದರೆ ತಂಬಾಕು ಬಿಡಿಸಿ ಸಿಹಿ ಅಡಿಕೆ ಕೊಡುವುದು. ಅಡಿಕೆ ನಮ್ಮ ಗುಬ್ಬಿ, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಬದುಕು, ಅದರ ಬಗ್ಗೆ ಮಾತಾಡುವುದು ಸುಲಭವಲ್ಲ. ಆದರೂ ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ, ಬಾಯಿ ಬಿಗಿಯುವುದಕ್ಕೆ ಮೂಲವೂ ಅದೇ. ನಿಕೋಟಿನ್ ಚೂಯಿಂಗ್ ಗಮ್ ಔಷಧಿ ಅಂಗಡಿಯಲ್ಲಿ ಸಿಗುತ್ತದೆಂದು ಮಕ್ಕಳಿಗೆ ಕೊಡಿಸಬೇಡಿ. 18ರೊಳಗಿನವರಿಗೆ ವೈದ್ಯರು ನೋಡಿ ಬರೆದರೆ ಮಾತ್ರ.

ಸಿಕ್ಕಿಬಿದ್ದವನನ್ನು ಶಾಲೆಯಿಂದ ಹೊರಗೆ ಹಾಕುವುದು, ಪ್ರಾರ್ಥನೆಯ ಸಾಲಿನಲ್ಲಿ ನಿಲ್ಲಿಸಿ ಅವಮಾನ ಮಾಡುವುದು ಕೈಯಾರೆ ಅವನನ್ನು ಅದೇ ಅಂಗಡಿಗೆ ಕಳಿಸಿದಂತೆ. ಪೋಷಕರಿಗೆ ಹೇಳಬೇಕಾದರೆ ಹುಡುಗನಿಗೆ ತಿಳಿಸಿ, ಅವನ ಎದುರೇ, ಬಿಡುತ್ತಿದ್ದಾನೆ ಎಂಬ ಮಾತಿನಿಂದ ಶುರುಮಾಡಿ ಹೇಳಿ. ಅಪ್ಪನೂ ಹಾಕುವವರಾದರೆ ಕನಿಷ್ಠ ಮನೆಯಲ್ಲಿ ಪೊಟ್ಟಣ ಇಡಬೇಡಿ ಎಂದು ಕೇಳಿಕೊಳ್ಳಬಹುದು. ಎಷ್ಟೋ ಮನೆಗಳಲ್ಲಿ ಇಬ್ಬರೂ ಒಟ್ಟಿಗೆ ಬಿಡಲು ಒಪ್ಪುವುದುಂಟು.

ಮೂರನೇ ದಿನ, ಏಳನೇ ದಿನ, ಹದಿನಾಲ್ಕನೇ ದಿನ, ಒಂದು ತಿಂಗಳು, ಮೂರು ತಿಂಗಳು: ಇವಿಷ್ಟು ಸಲ ಮತ್ತೆ ಕಾಣಬೇಕು. ರಿಜಿಸ್ಟರಿನಲ್ಲಿ ಹೆಸರಿನ ಬದಲು ಸಂಖ್ಯೆ ಇರಲಿ, ರಿಜಿಸ್ಟರು ಸ್ಟಾಫ್ ರೂಮಿನ ಮೇಜಿನ ಮೇಲೆ ಇರುವುದು ಬೇಡ. ನಡುವೆ ಮತ್ತೆ ಹಾಕಿದ್ದರೆ ಬೈಯದೆ, ಯಾವ ದಿನ, ಯಾರ ಜೊತೆ, ಯಾವ ಅಂಗಡಿ ಎಂದಷ್ಟೇ ಬರೆದುಕೊಂಡು ಹೊಸ ದಿನ ಗೊತ್ತುಮಾಡಿ. ಅಂಗಡಿಯ ಹೆಸರು ಮೇಲೆ ಹೇಳಿದ ದೂರಿಗೂ ಬೇಕಾಗುತ್ತದೆ. ವಿದ್ಯಾರ್ಥಿಗಳ ಪೋಸ್ಟಿಂಗ್ ಮೂರು ತಿಂಗಳಿಗೆ ಮೊದಲೇ ಮುಗಿಯುವುದರಿಂದ ಉಳಿದ ಭೇಟಿಗಳನ್ನು ಆರೋಗ್ಯ ಮಂದಿರದ ಸಮುದಾಯ ಆರೋಗ್ಯ ಅಧಿಕಾರಿಗೋ ತಾಲೂಕು ಆಸ್ಪತ್ರೆಯಲ್ಲಿ ಹದಿಹರೆಯದವರಿಗೆಂದೇ ಇರುವ ಸ್ನೇಹ ಕ್ಲಿನಿಕ್ಕಿಗೋ ಬರೆದು ಒಪ್ಪಿಸಬೇಕು. ದಸರಾ ರಜೆಗೂ ಬೇಸಿಗೆ ರಜೆಗೂ ಮುಂಚೆ ಹುಡುಗನ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ತಂಬಾಕು ಬಿಡಲು ಫೋನಿನಲ್ಲೇ ನೆರವಾಗುವ ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನಿನ ಸಂಖ್ಯೆ ಬರೆಸಿ: 1800-11-2356. ಕರೆಗೆ ದುಡ್ಡಿಲ್ಲ, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ, ಸೋಮವಾರ ರಜೆ.